ಬಣ್ಣ ತೆಗೆಯುವ ತೊಟ್ಟಿ

ಶಿವರಾಜಪ್ಪನ ಕಾರಖಾನೆಯಲ್ಲಿ ಕೇಶರಬಾಯಿ ದಿನವಿಡೀ ಆಡುತ್ತಿದ್ದದ್ದು ಒಂದೇ ಮಾತು.

“ನೀರ ಹಾಕ್ರಿ.”

ಆ ಮಾತಿಗೆ ಮಾತಿನ ಉತ್ತರ ಇರಲಿಲ್ಲ. ನೀರು ಬೀಳುತ್ತಿತ್ತು, ಇಲ್ಲವೇ ಬೀಳುತ್ತಿರಲಿಲ್ಲ. ನೀರು ಸೇದುವ ಆಳು ಮಡೆಪ್ಪ ಒಳಗೆ ಚಹಾ ಕುಡಿಯುತ್ತ ಕೂತಿದ್ದರೆ ಬೀಳುತ್ತಿರಲಿಲ್ಲ. ಅವನು ಯಾರ ಜೊತೆಗೋ ಹರಟುತ್ತಿದ್ದರೂ ಬೀಳುತ್ತಿರಲಿಲ್ಲ. ಆಗೆಲ್ಲ ಅವಳು ಎರಡೂ ಕೈ ಮುಂದೆ ಚಾಚಿಕೊಂಡು ಬಾವಿ ನೋಡುತ್ತ ನಿಂತಿರುತ್ತಿದ್ದಳು. ಬಾವಿ ಕಣ್ಣೆದುರಿಗೇ ಇತ್ತು. ಹಗ್ಗ ಗಡಗಡಿಯ ಮೇಲೆ ತೂಗುತ್ತಿತ್ತು. ಕೈ ಉರಿಯುತ್ತಿತ್ತು. ಹೋಗಿ ಸೇದಿಕೊಳ್ಳುವಂತಿರಲಿಲ್ಲ.

ಕಾರಖಾನೆ ಎಂದರೆ ಬೀದರಿನ ಚಿದ್ರಿ ಕಡೆಗೆ ಒಂದು ಉದ್ದನೆಯ ತಗಡಿನ ಚಾವಡಿ, ಅದರ ಹಿಂದೊಂದು ಹಿತ್ತಲು, ನಡುವೆ ಎದೆಮಟ್ಟದ ಗೋಡೆ. ಚಾವಡಿಯಲ್ಲಿ ಸುಭಾನ ಮತ್ತು ಅವನ ಜೊತೆಯವರು ಬಟ್ಟೆಗೆ ಅಕ್ಷರ, ಹೂವು, ಬಳ್ಳಿ ಇಳಿಸುತ್ತಿದ್ದರು. ಮೊದಲು ಬಟ್ಟೆಯನ್ನು ಕೆಂಪು ಬಣ್ಣದ ನೀರಿನಲ್ಲಿ ಅದ್ದಿ ಒಣಗಿಸಬೇಕು. ಅದನ್ನು ಮೇಜಿನ ಮೇಲೆ ಹಾಸಿ, ರೇಷ್ಮೆಯ ಜಾಳಿಗೆ ಬಿಗಿದ ಚೌಕಟ್ಟನ್ನು ಮೇಲಿಟ್ಟು, ಹುಳಿ ಬೆರೆಸಿದ ಗೋಂದನ್ನು ರಬ್ಬರ್ ಪಟ್ಟಿಯಿಂದ ಎಳೆಯಬೇಕು. ಎಳೆದಾಗ ಏನೂ ಕಾಣುವುದಿಲ್ಲ. ಬಟ್ಟೆ ಕೆಂಪಗೇ ಇರುತ್ತದೆ. ಅದು ಹಿತ್ತಲಿನ ತೊಟ್ಟಿಗೆ ಬರಬೇಕು. ತೊಟ್ಟಿಯ ತುಂಬ ಬ್ಲೀಚಿಂಗ್ ಪುಡಿ ಕಲಸಿದ ನೀರು. ಅದರಲ್ಲಿ ಮುಳುಗಿಸಿ ಆಡಿಸುತ್ತಿದ್ದರೆ ಹುಳಿ ತಾಗಿದಲ್ಲೆಲ್ಲ ಕೆಂಪು ಬಿಟ್ಟು ಬಿಳಿ ಅಕ್ಷರ ಏಳುತ್ತದೆ. ಎದ್ದೊಡನೆ ತೆಗೆದು ತೊಳೆಯಬೇಕು. ತಡವಾಯಿತೋ, ಬಣ್ಣ ತಿಂದ ನೀರು ಬಟ್ಟೆಯನ್ನೂ ತಿನ್ನುತ್ತದೆ. ಒಣಗಿದ ಮೇಲೆ ಮತ್ತೆ ಚಾವಡಿಗೆ ಹೋಗಿ ಬಿಳಿಯ ಮೇಲೆ ಅಗಸೆ ಎಣ್ಣೆಯ ದಪ್ಪ ಹಳದಿ ರೋಗನ್ ಕೂರುತ್ತದೆ. ರೋಗನ್ ಬಟ್ಟೆಯೊಳಕ್ಕೆ ಇಳಿಯುವುದಿಲ್ಲ, ಮೇಲೆಯೇ ಕೂತು ಹೊಳೆಯುತ್ತದೆ. ನೋಡಿದವರು ಹೊಗಳುತ್ತಿದ್ದದ್ದು ಆ ಹಳದಿಯನ್ನು.

ತೊಟ್ಟಿಯೊಳಗೆ ಕೈ ಆಡಿಸುವ ಕೆಲಸ ಕೇಶರಬಾಯಿಯದು. ಅದಕ್ಕೆ ಬೇರೆ ಯಾರೂ ಬಂದಿರಲಿಲ್ಲ. ವಾಸನೆ ಗಂಟಲು ಹಿಡಿಯುತ್ತಿತ್ತು, ಕಣ್ಣಿನಲ್ಲಿ ನೀರು ತರಿಸುತ್ತಿತ್ತು. ಅಂಗೈಯ ಚರ್ಮ ಬೆಳ್ಳಗೆ ಸುಲಿದು ಬೆರಳ ಸಂದಿಯಲ್ಲಿ ಸೀಳು ಬಿಟ್ಟಿತ್ತು. ಉಗುರುಗಳು ಮೆತ್ತಗಾಗಿದ್ದವು. ಬಿಸಿ ಹಿಟ್ಟು ತಾಗಿದರೆ ಪ್ರಾಣ ಹೋದಂತಾಗುತ್ತಿತ್ತು, ಹಾಗಾಗಿ ಅವಳು ರೊಟ್ಟಿ ತಟ್ಟುವುದನ್ನೇ ಬಿಟ್ಟಿದ್ದಳು. ನೆಗೆಣ್ಣಿ ಕೌಸಲ್ಯಾಬಾಯಿ ತನ್ನ ಮನೆಯ ರೊಟ್ಟಿಯ ಜೊತೆಗೆ ಅವಳದ್ದನ್ನೂ ತಟ್ಟುತ್ತಿದ್ದಳು. ಗಂಡ ಗೋರಖನಾಥ ಜ್ವರ ಬಂದು ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಔರಾದ ಕಡೆಯ ಸಂತಪುರದಲ್ಲಿದ್ದ ತವರೂ ಮುಗಿದಿತ್ತು. ಮೈಲೂರಿನ ಆಚೆ ತಮ್ಮವರ ಕೇರಿಯಾದ ವಾಡಾದಲ್ಲಿ ಒಂದು ಗುಡಿಸಲು, ಇಲ್ಲಿ ಈ ತೊಟ್ಟಿ, ಇಷ್ಟೇ ಅವಳ ಲೋಕ.

ಕಾರಖಾನೆಯ ಕಟ್ಟಳೆ ಶಿವರಾಜಪ್ಪ ತಾನೇ ಮಾಡಿದ್ದು. ಎದೆಯ ಮೇಲೆ ಲಿಂಗ ಕಟ್ಟಿಕೊಂಡ ಮನುಷ್ಯ. ಬಸವಣ್ಣನ ಹೆಸರು ಹೇಳದೆ ಮುಂಜಾನೆ ಬಾಗಿಲು ತೆಗೆಯುತ್ತಿರಲಿಲ್ಲ. ಅವನ ಕಟ್ಟಳೆ ಹೀಗಿತ್ತು: ತೊಟ್ಟಿ ಅವಳದು, ಅದರ ನೀರಿಗೆ, ಅಂಚಿಗೆ ಬೇರೆಯವರ ಕೈ ತಾಗಬಾರದು. ತಾಗಿದರೆ ಮಿಂದೇ ಒಳಗೆ ಬರಬೇಕು. ಅವಳು ಬಟ್ಟೆ ತೆಗೆದು ಕಲ್ಲಿನ ಮೇಲೆ ಹಾಕಿ ಹಿಂದೆ ಸರಿಯಬೇಕು. ಮಡೆಪ್ಪ ಮೇಲಿನಿಂದ ಬಾವಿಯ ನೀರು ಸುರಿಯಬೇಕು. ಹರಿಯುವ ನೀರು ಬಿದ್ದ ಮೇಲೆ ಬಟ್ಟೆಗೆ ಮೈಲಿಗೆ ಇಲ್ಲ. ಮಡೆಪ್ಪ ಎತ್ತಿಕೊಂಡು ಹೋಗಬಹುದು. ಸಾವಿರ ಜನ ಮೈಗೆ ಹಾಕಿಕೊಳ್ಳಬಹುದು. ಅದೇ ನೀರಿನಲ್ಲಿ ಉಳಿದದ್ದನ್ನು ಅವಳ ಕೈಗೂ ಸುರಿಯುತ್ತಿದ್ದ. ಬಟ್ಟೆಯ ಮೈಲಿಗೆ ಒಂದು ಬಿಂದಿಗೆಗೆ ಹೋಗುತ್ತಿತ್ತು, ಅವಳದು ಎಷ್ಟು ಬಿಂದಿಗೆ ಸುರಿದರೂ ಹೋಗುತ್ತಿರಲಿಲ್ಲ. ಇದೆಂಥ ಲೆಕ್ಕ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಸುಭಾನ ಮಾತ್ರ ಕೆಲವೊಮ್ಮೆ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದ. ಮಡೆಪ್ಪ ಇಲ್ಲದ ಹೊತ್ತು ನೋಡಿ ಸದ್ದಿಲ್ಲದೆ ಒಂದು ಬಕೀಟು ನೀರು ಸೇದಿ ಅವಳ ಕೈಗೆ ಹಾಕಿ ಹೋಗುತ್ತಿದ್ದ. ಮಾತಾಡುತ್ತಿರಲಿಲ್ಲ. ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಅವನು ಅಣ್ಣನನ್ನು ಕಳೆದುಕೊಂಡಿದ್ದ. ಅಂದಿನಿಂದ ದನಿ ಎತ್ತುವುದನ್ನು ಬಿಟ್ಟಿದ್ದ.

ಆ ವರ್ಷ ದಸರೆಗೆ ಮುಂಚೆ ಊರಲ್ಲೆಲ್ಲ ಎರಡು ಸುದ್ದಿ. ಒಂದು ಚಾವಡಿಯೊಳಗಿನ ಸುದ್ದಿ: ಹೈದರಾಬಾದ ರಾಜ್ಯ ಒಡೆಯುತ್ತದೆ, ನವೆಂಬರ್ ಒಂದನೇ ತಾರೀಖಿಗೆ ಬೀದರ ಮೈಸೂರು ರಾಜ್ಯಕ್ಕೆ ಸೇರುತ್ತದೆ. ಇನ್ನೊಂದು ವಾಡಾದ ಸುದ್ದಿ: ದಸರೆಯ ದಿನ ನಾಗಪುರದಲ್ಲಿ ಬಾಬಾಸಾಹೇಬರು ಬುದ್ಧನ ದೀಕ್ಷೆ ತೆಗೆದುಕೊಳ್ಳುತ್ತಾರೆ, ಎಲ್ಲರೂ ಬರಬೇಕಂತೆ. ವಾಡಾಕ್ಕೆ ವಾಡಾವೇ ಗಂಟು ಕಟ್ಟತೊಡಗಿತು. ಕೇಶರಬಾಯಿಯೂ ಒಂದು ಬಿಳಿ ಸೀರೆ ಒಗೆದು ಮಡಿಚಿಟ್ಟಳು. ಕೆಲಸ ಬಿಟ್ಟು ಹೋಗುವುದನ್ನು ಹೇಳಲು ಶಿವರಾಜಪ್ಪನ ಮುಂದೆ ಹೋಗಿ ನಿಂತಳು.

ಅವನು ಆಗತಾನೆ ದೊಡ್ಡ ಕೆಲಸವೊಂದನ್ನು ಹಿಡಿದಿದ್ದ. ಬೀದರ, ಭಾಲ್ಕಿ, ಔರಾದ ಮೂರೂ ಕಡೆಯ ಹೊಸ ರಾಜ್ಯದ ಉತ್ಸವದ ಬಟ್ಟೆ ಅವನದೇ. ಕೊರಳಿಗೆ ಹಾಕುವ ಶಲ್ಯ, ವೇದಿಕೆಯ ಹಿಂದೆ ಕಟ್ಟುವ ದೊಡ್ಡ ಬಟ್ಟೆ, ಎಲ್ಲ. ತೊಟ್ಟಿ ನಿಂತರೆ ಕಾರಖಾನೆ ನಿಲ್ಲುತ್ತಿತ್ತು.

“ನಾಗಪುರ ಎಲ್ಲಿ ಓಡಿ ಹೋಗ್ತದ, ಕೇಶರಾ? ನಮ್ಮ ರಾಜ್ಯ ಬರ್ಲತ್ತದ. ಇಂಥ ಹೊತ್ತಿನಾಗ ನೀ ಕೈ ಬಿಟ್ರ ಹ್ಯಾಂಗ?”

ಅವನು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಎಲ್ಲಿಂದ ಧೈರ್ಯ ಬಂತೋ, ಬಾಯಿಬಿಟ್ಟಳು.

“ಉಳೀತೇನ್ರಿ ಸಾವ್ಕಾರ್ರ. ಖರೇ ನನಗ ಬಾವಿ ಹಗ್ಗ ಕೊಡ್ರಿ. ನನ್ನ ಕೈಗಿ ನಾನೇ ನೀರ ಸೇದ್ಕೋತೇನಿ. ಮಡೆಪ್ಪಣ್ಣ ಬರೂತನಕ ಕೈ ಸುಡ್ತಾವ್ರಿ.”

ಶಿವರಾಜಪ್ಪ ಅವಳ ಕೈ ನೋಡಿದ. ಆಮೇಲೆ ಬಾವಿ ನೋಡಿದ.

“ಆಯ್ತು. ದಸರಾ ಆಗ್ಲಿ. ದಸರಾ ಆದ ಮ್ಯಾಲ ಹಗ್ಗ ನಿನ್ನ ಕೈಗಿ. ಮಾತಂದ್ರ ಮಾತು.”

ಅವಳು ಉಳಿದಳು. ತನ್ನವರನ್ನೆಲ್ಲ ಬಿಟ್ಟು ಒಂದು ಹಗ್ಗದ ಆಸೆಗೆ ಉಳಿದಳು. ನಗುವವರು ನಗಲಿ. ಉರಿಯುವ ಕೈ ಅವರದಲ್ಲ.

ವಾಡಾದವರು ರೈಲು ಹತ್ತಿದ ದಿನ ಅವಳು ಸ್ಟೇಷನ್ನಿಗೆ ಹೋಗಲಿಲ್ಲ, ತೊಟ್ಟಿಯಲ್ಲಿದ್ದಳು. ಸಂಜೆ ಮನೆಗೆ ಬಂದಾಗ ವಾಡಾದಲ್ಲಿ ಒಲೆ ಉರಿಯುತ್ತಿರಲಿಲ್ಲ. ಮಕ್ಕಳ ಸದ್ದಿಲ್ಲ. ಎದ್ದು ಓಡಾಡಲಾಗದ ಒಂದಿಬ್ಬರು ಮುದುಕಿಯರು ಗೋಡೆಗೆ ಒರಗಿದ್ದರು. ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಕೌಸಲ್ಯಾಬಾಯಿ ಮಾಡಿಟ್ಟುಹೋದ ರೊಟ್ಟಿ ಮುಗಿಯಿತು. ಕೇಶರಬಾಯಿ ಹಿಟ್ಟು ನಾದಲು ಕೂತಳು. ಬಿಸಿನೀರಿನ ಹಿಟ್ಟು ಬೆರಳ ಸೀಳಿಗೆ ಇಳಿಯಿತು. ಕೈ ಕೊಡವಿದಳು. ಮತ್ತೆ ನಾದಿದಳು. ಮತ್ತೆ ಕೊಡವಿದಳು. ಕೊನೆಗೆ ಹಿಟ್ಟನ್ನು ನೀರಲ್ಲಿ ಕದಡಿ ಅಂಬಲಿ ಕಾಸಿ ಕುಡಿದಳು. ಅಳು ಬಂತು. ಗಂಡ ಸತ್ತಾಗಲೂ ಸುತ್ತ ಹತ್ತು ಜನ ಇದ್ದರು. ಈಗ ಅತ್ತರೆ ಯಾಕೆ ಅಳುತ್ತಿ ಎಂದು ಕೇಳುವವರೂ ಇರಲಿಲ್ಲ. ಹಾಗಾಗಿ ಅಳುವುದನ್ನೂ ಬೇಗ ನಿಲ್ಲಿಸಿದಳು.

ದಸರೆ ಬಂತು, ಹೋಯಿತು. ಮಾರನೆಯ ದಿನ ಅವಳು ಹಿತ್ತಲಿಗೆ ಬಂದವಳೇ ಗೋಡೆಯಾಚೆ ನೋಡಿ ಕೇಳಿದಳು.

“ಸಾವ್ಕಾರ್ರ, ಹಗ್ಗದ ಮಾತ…”

“ರಾಜ್ಯ ಆಗ್ಲಿ ತಡಿ. ನೆಂಟ್ರು, ದೊಡ್ಡ ಮಂದಿ ಬಂದು ಹೋಗ್ಲತ್ತಾರ. ನೋಡಿದ್ರ ಏನಂದಾರು?”

ಅವಳು ತೊಟ್ಟಿಯ ಕಡೆ ತಿರುಗಿದಳು. ಇಷ್ಟು ವರ್ಷ ತಡೆದವಳಿಗೆ ಇನ್ನಷ್ಟು ದಿನ ದೊಡ್ಡದಲ್ಲ ಎಂದುಕೊಂಡಳು. ತಡೆಯುವುದೇ ನಮ್ಮವರಿಗೆ ಅಭ್ಯಾಸವಾಗಿಬಿಟ್ಟಿದೆ, ಅದೇ ನಮ್ಮ ರೋಗ.

ನಾಗಪುರದಿಂದ ಬಂದವರು ಬೇರೆಯೇ ಮನುಷ್ಯರಾಗಿ ಬಂದಿದ್ದರು. ಕಾಲು ಊದಿದ್ದವು, ದನಿ ಬಿದ್ದಿತ್ತು, ಆದರೆ ತಲೆ ಎತ್ತಿ ನಡೆಯುತ್ತಿದ್ದರು. ಒಬ್ಬರನ್ನೊಬ್ಬರು ಕಂಡರೆ ಜಯಭೀಮ ಅನ್ನುತ್ತಿದ್ದರು. ಕೌಸಲ್ಯಾಬಾಯಿಯ ಗಂಡ, ಭಾವ ನರಸಿಂಗ ಮನೆಯ ಮುಂದೆ ನಿಂತು ಇನ್ನು ಮೇಲೆ ಸತ್ತ ದನ ಎಳೆಯುವುದಿಲ್ಲ, ಎಂಜಲು ತರುವುದಿಲ್ಲ ಎಂದು ಎಲ್ಲರೂ ಕೇಳುವಂತೆ ಹೇಳಿದ. ಕೇಶರಬಾಯಿಗೂ ಯಾರೋ ಜಯಭೀಮ ಅಂದರು. ಅವಳು ತಿರುಗಿ ಹೇಳಿದಳು, ನಾಲಿಗೆ ತೊದಲಿತು. ಅವರು ಕಂಡದ್ದನ್ನು ಅವಳು ಕಂಡಿರಲಿಲ್ಲ. ಅವರು ರೈಲಿನ ಸುದ್ದಿ, ಮೈದಾನದ ಸುದ್ದಿ ಹೇಳಿಕೊಂಡು ನಗುವಾಗ ಅವಳು ಹೊರಗೆ ಕೂತು ಕೇಳುತ್ತಿದ್ದಳು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಕೌಸಲ್ಯಾಬಾಯಿ ಒಮ್ಮೆ ಮಾತ್ರ ಕೇಳಿದಳು.

“ಹಗ್ಗ ಕೊಟ್ಟ ಏನವ್ವಾ?”

“ರಾಜ್ಯ ಆದ ಮ್ಯಾಲ ಕೊಡ್ತಾನಂತ ಅಕ್ಕಾ.”

ಕೌಸಲ್ಯಾಬಾಯಿ ರೊಟ್ಟಿ ಮಗುಚಿ ಹಾಕಿದಳು.

ಅಕ್ಟೋಬರ್ ತಿಂಗಳ ಕೊನೆಯ ದಿನ. ಭಾಲ್ಕಿಯ ಬಟ್ಟೆ, ಔರಾದದ ಬಟ್ಟೆ ಬಸ್ಸು ಹತ್ತಿ ಹೋಗಿದ್ದವು. ಉಳಿದದ್ದು ಬೀದರಿನ ವೇದಿಕೆಯದು, ಎಲ್ಲಕ್ಕಿಂತ ದೊಡ್ಡದು. ಉತ್ಸವ ಸಮಿತಿಯವರು ನೋಡಲು ಬಂದಿದ್ದರು. ಚಾವಡಿಯಲ್ಲಿ ಜಮಖಾನೆ ಹಾಸಿತ್ತು. ಪೇಢಾ, ಚಹಾ, ನಗು. ಸುಭಾನ ಹುಳಿ ಎಳೆದ ಬಟ್ಟೆಯನ್ನು ಗೋಡೆಯ ಮೇಲಿನಿಂದ ಇಳಿಬಿಟ್ಟ. ಕೇಶರಬಾಯಿ ಅದನ್ನು ತೊಟ್ಟಿಗೆ ತುಂಬಿದಳು.

ಬಟ್ಟೆ ಭಾರವಿತ್ತು. ನೀರು ಕುಡಿದು ಇನ್ನೂ ಭಾರವಾಯಿತು. ಮೊಣಕೈವರೆಗೆ ಮುಳುಗಿಸಿ ಮಗುಚುತ್ತಿದ್ದಾಗ ಬಟ್ಟೆಯ ಒಂದು ಮಡಿಕೆ ಜಾರಿ ದೊಪ್ಪನೆ ಬಿತ್ತು. ತೊಟ್ಟಿಯ ನೀರು ಹಾರಿ ಕಣ್ಣಿಗೆ ಸಿಡಿಯಿತು.

“ನೀರ ಹಾಕ್ರಿ! ಮಡೆಪ್ಪಣ್ಣಾ, ಕಣ್ಣಿಗಿ ಬಿತ್ರಿ! ನೀರ!”

ಒಳಗೆ ಯಾರೋ ನಾಳೆಯ ಭಾಷಣ ಮಾಡಿ ತೋರಿಸುತ್ತಿದ್ದರು. ಚಪ್ಪಾಳೆ ಬಿತ್ತು. ಮತ್ತೆ ಕೂಗಿದಳು. ಸೆರಗಿನಿಂದ ಒರೆಸಿಕೊಂಡಳು, ಸೆರಗೂ ಅದೇ ನೀರಿನಲ್ಲಿ ತೊಯ್ದಿತ್ತು. ಕಣ್ಣಿಗೆ ಕೆಂಡ ಹಾಕಿದಂತಾಯಿತು. ಇನ್ನೊಂದು ಕಣ್ಣಿನಿಂದ ದಾರಿ ಹುಡುಕುತ್ತ ಬಾವಿಯ ಕಡೆ ನಡೆದಳು. ಕೈ ಚಾಚಿದಳು. ಹಗ್ಗ ಇನ್ನೊಂದು ಗೇಣು ದೂರವಿತ್ತು.

“ಏ! ಮುಟ್ಟಬ್ಯಾಡ! ಏ ಕೇಶರಾ!” ಮಡೆಪ್ಪ ಚಾವಡಿಯ ಬಾಗಿಲಿನಿಂದ ಅರಚಿದ.

ಚಹಾದ ಬಟ್ಟಲು ಹಿಡಿದುಕೊಂಡೇ ಎಲ್ಲರೂ ಹಿತ್ತಲಿಗೆ ಬಂದರು. ಎಲ್ಲರಿಗಿಂತ ಮುಂದೆ ಶಿವರಾಜಪ್ಪ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮಡೆಪ್ಪ ಒಂದು ಬಕೀಟು ಸೇದಿ ಅವಳ ಮುಖಕ್ಕೆ ಎರಚಿದ, ದನಕ್ಕೆ ಎರಚಿದಂತೆ. ಎರಚಿದ ನೀರು ಅರ್ಧ ಅವಳ ಕಿವಿಗೆ ಬಿತ್ತು.

“ಸಾವ್ಕಾರ್ರ, ನೀವು ಹಗ್ಗ ಕೊಡ್ತೇನಿ ಅಂದಿದ್ರಿ” ಅಂದಳು. ಕೇಳಬೇಕೆಂದು ಕೇಳಿದ್ದಲ್ಲ. ಉರಿಯುವ ಕಣ್ಣು ಕೇಳಿಸಿತು.

ಸಮಿತಿಯವರು ಶಿವರಾಜಪ್ಪನ ಮುಖ ನೋಡಿದರು. ಅವನ ಕಿವಿ ಕೆಂಪಾದವು. ಆಮೇಲೆ ನಕ್ಕ.

“ಯಾವ ಹಗ್ಗ? ಅಕೀಗಿ ತಲಿ ಸರಿ ಇಲ್ರಿ. ತೊಟ್ಟಿ ವಾಸನಿ ತಲಿಗೇರ್ಯಾದ.”

ಎಲ್ಲರೂ ನಕ್ಕರು. ಮಡೆಪ್ಪನೂ ನಕ್ಕ. ಸುಭಾನ ನಗಲಿಲ್ಲ, ನೆಲ ನೋಡಿದ.

“ಹೋಗು, ಕೆಲ್ಸ ನೋಡು. ಬಟ್ಟಿ ತೊಟ್ಯಾಗ ಅದ.”

ಕೇಶರಬಾಯಿ ತಿರುಗಿ ತೊಟ್ಟಿಯ ಕಡೆ ನೋಡಿದಳು. ಕೆಂಪು ಬಟ್ಟೆಯ ಮೇಲೆ ಬಿಳಿ ಅಕ್ಷರಗಳು ಎದ್ದಿದ್ದವು. ತೆಗೆಯುವ ಹೊತ್ತು ಅದೇ. ಅವಳು ತೊಟ್ಟಿಯ ಹತ್ತಿರ ಹೋದಳು. ಕೈ ಹಾಕಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

“ಏನ್ ಮಾಡ್ಲತ್ತಿ?”

“ಕುಂತೀನ್ರಿ.”

“ಬಟ್ಟಿ ತಗಿ!”

“ತಗ್ಯಂಗಿಲ್ರಿ.”

ತನ್ನ ಬಾಯಿಂದ ಬಂದ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ಹೆದರಿಕೆಯಾಯಿತು. ಆದರೂ ಕೈ ಮಡಿಲಿನಿಂದ ಏಳಲಿಲ್ಲ.

“ಮಡೆಪ್ಪಾ, ತಗಿ ಅದನ್ನ!” ಶಿವರಾಜಪ್ಪ ಕೂಗಿದ.

ಮಡೆಪ್ಪ ಓಡಿ ಬಂದು ತೊಟ್ಟಿಯ ಅಂಚಿಗೆ ಒಂದು ಮೊಳ ಈಚೆ ನಿಂತುಬಿಟ್ಟ. ಅಂಚು ಅವಳದು, ನೀರು ಅವಳದು. ಈಗಷ್ಟೇ ಸಮಿತಿಯವರಿಗೆ ಪೇಢಾ ಹಂಚಿದ ಕೈ ಅವನದು. ಮುಳುಗಿಸಿದರೆ ಅವರ ಎದುರಿಗೇ ಮುಳುಗಿಸಬೇಕು. ಅವನು ಸಾಹುಕಾರನ ಮುಖ ನೋಡಿದ. ಸಾಹುಕಾರ ಸಮಿತಿಯವರ ಮುಖ ನೋಡಿದ. ಸಮಿತಿಯವರು ಬಟ್ಟಲಿನೊಳಗೆ ನೋಡಿದರು.

ಸುಭಾನ ಅಂಗಿಯ ತೋಳು ಮೇಲಕ್ಕೆ ಮಡಿಚಿಕೊಂಡು ಗೋಡೆ ದಾಟಿ ಬಂದ. “ನಾ ತಗೀತೇನ್ರಿ ಸಾಹುಕಾರ್ರ. ಖರಾಬ ಆಗ್ತದ.”

“ನಿಲ್ಲು! ನೀ ಅದ್ರಾಗ ಕೈ ಹಾಕಿ ನಾಳಿ ಇದೇ ಮಂದಿ ಕೊರಳಿನ ಶಲ್ಯಾ ಮುಟ್ತಿ ಏನು? ಬೊಂಬು ತಾ, ಬೊಂಬು!”

ಬೊಂಬು ಹುಡುಕುವುದರಲ್ಲಿ ಹೊತ್ತು ಹೋಯಿತು. ತೊಟ್ಟಿಯ ನೀರು ತನ್ನ ಕೆಲಸ ಮಾಡುತ್ತಿತ್ತು. ಅಂಚಿನ ಕೆಂಪು ಮೊದಲು ಗುಲಾಬಿಯಾಯಿತು, ಆಮೇಲೆ ಅದೂ ಹೋಯಿತು. ಇಬ್ಬರು ಎರಡು ಕಡೆಯಿಂದ ಬೊಂಬು ತೂರಿಸಿ ಎತ್ತಿದರು. ನೀರು ಕುಡಿದ ಬಟ್ಟೆ ಅರ್ಧ ಮೇಲೆ ಬಂದು ತನ್ನ ಭಾರಕ್ಕೆ ತಾನೇ ಹರಿಯಿತು. ಹುಳಿ ತಾಗಿದಲ್ಲೇ ಮೊದಲು ಬಿಟ್ಟಿತು. ಅಕ್ಷರಗಳು ಒಂದೊಂದಾಗಿ ತೂತಾಗಿ ಕೆಳಗೆ ಬಿದ್ದವು.

ಕೇಶರಬಾಯಿ ಎದ್ದಳು. ನೆಟ್ಟಗೆ ಬಾವಿಗೆ ಹೋದಳು. ಮಡೆಪ್ಪ ಅಡ್ಡ ಬಂದ, ಅವಳು ನಿಲ್ಲದಿದ್ದಾಗ ತಾನೇ ಪಕ್ಕಕ್ಕೆ ಹಾರಿದ. ಅವಳನ್ನು ತಡೆಯಬೇಕಾದರೆ ಹಿಡಿಯಬೇಕಿತ್ತು. ಹಿಡಿಯುವ ಗಂಡಸು ಅಲ್ಲಿ ಯಾರೂ ಇರಲಿಲ್ಲ. ಅವಳು ಬಕೀಟು ಬಿಟ್ಟಳು. ಹಗ್ಗ ಎಳೆದಳು. ಸುಲಿದ ಅಂಗೈಗೆ ಹಗ್ಗ ಕೊರೆದು ರಕ್ತ ಬಂತು, ಬಿಡಲಿಲ್ಲ. ಬಕೀಟು ಮೇಲೆ ಬಂತು. ಮೊದಲು ಕಣ್ಣಿಗೆ ಹಾಕಿಕೊಂಡಳು. ಆಮೇಲೆ ಕೈಗೆ. ಉಳಿದದ್ದನ್ನು ಬೊಗಸೆಯಲ್ಲಿ ಹಿಡಿದು ನಿಂತಲ್ಲೇ ಕುಡಿದಳು. ನೀರು ತಣ್ಣಗಿತ್ತು.

ಹಿತ್ತಲ ಬಾಗಿಲು ಬಿಟ್ಟು ಚಾವಡಿಯೊಳಗಿನಿಂದಲೇ ಹೊರಗೆ ನಡೆದಳು. ಜನ ಎರಡೂ ಕಡೆ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮೈ ತಾಗದಿರಲಿ ಎಂದು ಬಿಟ್ಟ ದಾರಿ ಅದು. ಅವಳು ಅವಸರ ಮಾಡಲಿಲ್ಲ.

ಆದರೆ ಮನೆ ಮುಟ್ಟಿದವಳೇ ಬಾಗಿಲು ಎಳೆದುಕೊಂಡಳು. ಕೆಲಸ ಹೋಯಿತು. ನಾಳೆ ವಾಡಾಕ್ಕೆ ಏನು ಬರುತ್ತದೋ. ತಾನು ಮಾಡಿದ್ದು ಎಲ್ಲರ ತಲೆಗೆ ಸುತ್ತಿಕೊಂಡರೆ? ನಾಗಪುರಕ್ಕೂ ಬಾರದವಳು, ಈಗ ಊರಿನ ಸಿಟ್ಟು ಮನೆ ತನಕ ತಂದಳು ಎಂದಾರು. ಗುಡಿಸಲಿನ ಮೂಲೆಯಲ್ಲಿ ಕೂತಳು. ಯಾರಿಗೂ ಹೇಳಲಿಲ್ಲ.

ಮಾರನೆಯ ಮುಂಜಾನೆ ಊರಿನ ಕಡೆಯಿಂದ ಬಾಜಾ ಬಜಂತ್ರಿ ಕೇಳಿಸುತ್ತಿತ್ತು. ಮಡೆಪ್ಪ ಕೊರಳಲ್ಲಿ ಹೊಸ ಶಲ್ಯ ಹಾಕಿಕೊಂಡು ವಾಡಾದ ಅಂಚಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

“ನರಸಿಂಗಾ! ಏ ನರಸಿಂಗಾ! ನಾಕು ಮಂದಿ ಕರ್ಕೊಂಡು ಬಾ. ಕಾರಖಾನಿ ಬಾವಿ ಖಾಲಿ ಮಾಡ್ಬೇಕು. ಬುಟ್ಟಿ, ಹಾರಿ ಎಲ್ಲ ತಗೊಂಡು ಬಾ. ಸಾವ್ಕಾರ್ರು ಜ್ವಾಳ ಕೊಡ್ತಾರ.”

ಕೇಶರಬಾಯಿ ಗುಡಿಸಲಿನೊಳಗಿಂದ ಬಾಗಿಲಿಗೆ ಕಿವಿ ಕೊಟ್ಟಳು. ಬಾವಿಗಿಳಿದು ಕೆಸರು ಬಳಿಯುವುದು, ಹೊಲಸಾದ ಬಾವಿ ಖಾಲಿ ಮಾಡುವುದು ಎಂದಿನಿಂದಲೂ ಈ ವಾಡಾದ ಗಂಡಸರ ಕೆಲಸ. ಕರೆದಾಗ ಇಲ್ಲ ಅಂದವರಿರಲಿಲ್ಲ. ಮನೆಯಲ್ಲಿ ಹಿಟ್ಟಿಲ್ಲದ ದಿನಗಳು ಬೇರೆ. ಈಗ ಇವರು ಹೋದರೆ ತಾನು ಒಬ್ಬಳೇ. ಪೂರ್ತಿ ಒಬ್ಬಳೇ.

“ಯಾಕ, ಬಾವೀಗಿ ಏನಾಗ್ಯಾದ?” ನರಸಿಂಗನ ದನಿ.

“ಹೊಲಸಾಗ್ಯಾದ.”

“ಏನ್ ಬಿದ್ದದ? ನಾಯಿ, ಬೆಕ್ಕು?”

“ಬಿದ್ದಿಲ್ಲೋ. ನಿಮ್ಮ ಕೇಶರಾ ಮುಟ್ಯಾಳ. ನಿನ್ನಿ ಸೇದಿ ಕುಡದಾಳ. ಕಾರಖಾನಿ ಮಂದೆಲ್ಲಾ ನೀರಿಲ್ದ ಕುಂತಾರ. ಲಗೂ ಬಾ.”

ಕೌಸಲ್ಯಾಬಾಯಿಯ ರೊಟ್ಟಿಯ ಬಡಿತ ನಿಂತಿತು. ನರಸಿಂಗ ಮುಂದೆ ಬಂದ.

“ಅಕಿ ಹಗ್ಗ ಮುಟ್ಟಿದ್ರ ಹೊಲಸಾಗೂ ಬಾವಿ, ನಾನು ಒಳಗೇ ಇಳದ್ರ ಹ್ಯಾಂಗ ಚೊಕ್ಕ ಆಗ್ತದ, ಮಡೆಪ್ಪಾ?”

ಮಡೆಪ್ಪ ಕೊರಳಿನ ಶಲ್ಯ ಸರಿಮಾಡಿಕೊಂಡ. ಇಷ್ಟು ತಲೆಮಾರಿನಲ್ಲಿ ಯಾರೂ ಕೇಳದ ಮಾತಿಗೆ ಉತ್ತರ ಯಾರ ಹತ್ತಿರ ಇರುತ್ತದೆ? ಅವನು ಬೇರೆ ಗಂಡಸರ ಮುಖ ನೋಡಿದ. ಒಬ್ಬನೂ ಬುಟ್ಟಿಗೆ ಕೈ ಹಾಕಲಿಲ್ಲ.

ಕೇಶರಬಾಯಿ ಹೊರಗೆ ಬಂದಳು. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಭಾವನ ಪಕ್ಕದಲ್ಲಿ, ಎಲ್ಲರ ನಡುವೆ ನಿಂತಳು.

“ಹೋಗಿ ಹೇಳ್ರಿ ಮಡೆಪ್ಪಣ್ಣ” ಅಂದಳು. “ಬಾವ್ಯಾಗಿನ ನೀರು ಚೊಕ್ಕೇ ಅದ. ನಾ ಕುಡದು ನೋಡೇನಿ.”